ಅಣ್ಣನ ಬೇಡ

ಜನವರಿ ೬

ಅಣ್ಣನಿಗೆ,

ನೀನು ಮಗಳು ಚೂಟಿಯ ಮನೆ ಸೇರಿದ ಮೇಲೆ ಇದು ನನ್ನ ಮೊದಲ ಕಾಗದ. ಫೋನಿನಲ್ಲಿ ಮಾತಾಡೋಣವೆಂದರೆ ನೀನು ಒಂದು ಪದ ಹುಡುಕುತ್ತಾ ನಿಂತುಬಿಡುತ್ತೀಯ. ಈ ಕಡೆ ನಾನು ಅದನ್ನು ಹೇಳಿಕೊಡಲೂ ಆಗದೆ, ಸುಮ್ಮನಿರಲೂ ಆಗದೆ ಒದ್ದಾಡುತ್ತೇನೆ. ಕೊನೆಗೆ "ಸರಿ, ಇಡ್ತೀನಿ" ಎಂದು ಇಟ್ಟುಬಿಟ್ಟು ದಿನವೆಲ್ಲ ಕಸಿವಿಸಿ ಪಡುತ್ತೇನೆ. ನಿನಗೆ ಮತ್ತೆ ಮಾತು ಕಲಿಸುತ್ತಿರುವ ಟೀಚರು, "ಕಾಗದ ಬರೀರಿ, ಅದರಲ್ಲಿ ಯಾರಿಗೂ ಅವಸರ ಇರೋದಿಲ್ಲ" ಎಂದರಂತೆ. ಅವರ ಹೊಟ್ಟೆ ತಣ್ಣಗಿರಲಿ.

ಲಕ್ವ ನಿನ್ನ ಬಲಗೈಯನ್ನೂ ಮಾತನ್ನೂ ಕಟ್ಟಿಹಾಕಿದ್ದರೂ ಕೇಳಿದ್ದೆಲ್ಲ ಅರ್ಥವಾಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ಅಂದಮೇಲೆ ಬೈದರೂ ತಿಳಿಯುತ್ತದೆ. ಆ ಧೈರ್ಯದ ಮೇಲೆ ಬರೆಯುತ್ತಿದ್ದೇನೆ, ಚೂಟಿ ಓದಿ ಹೇಳುತ್ತಾಳೆ. ಅವಳ ಕಚೇರಿಯವರು ಮಾಡಿದ ಡಬ್ಬಿಯೊಂದು ನಿನ್ನ ಮೇಜಿನ ಮೇಲೆ ಕೂತಿದೆಯಂತಲ್ಲ. ನೀನು ಅರ್ಧ ಮಾತು ಹೇಳಿದರೆ ಉಳಿದರ್ಧವನ್ನು ಅದೇ ಊಹಿಸಿ, ಪೂರ್ತಿ ಕಾಗದ ಮಾಡಿ, ಅಚ್ಚು ಹಾಕಿ ಕೊಡುತ್ತದಂತೆ. ದಿನವಿಡೀ ನಿನ್ನ ಜೊತೆಗಿದ್ದು ನಿನ್ನ ಸ್ವಭಾವ ಕಲಿಯುತ್ತದಂತೆ. ಪಾಪದ ಡಬ್ಬಿ! ಹುಟ್ಟಿದಾಗಿನಿಂದ ಕಲಿಯುತ್ತಿರುವ ನನಗೇ ಇನ್ನೂ ಪೂರ್ತಿ ಬಂದಿಲ್ಲ.

ಈಗ ನಮ್ಮ ಬೈಂಡಿಂಗ್ ಅಂಗಡಿಯ ವಿಷಯ. ಕೆಲಸ ಇಲ್ಲವೆಂದಲ್ಲ. ಲೈಬ್ರರಿಯವರು ಮೂಟೆ ಕಟ್ಟಿ ಹಳೆಯ ಪುಸ್ತಕ ತಂದುಹಾಕಿದ್ದಾರೆ, ವಕೀಲರ ಕಚೇರಿಯ ಸಂಪುಟಗಳು ಬೆನ್ನು ಹೊಲಿಸಿಕೊಳ್ಳಲು ಸಾಲಾಗಿ ನಿಂತಿವೆ. ಆದರೆ ಪುಸ್ತಕ ಒತ್ತುವ ಪ್ರೆಸ್ಸಿನ ತಿರುಪನ್ನು ನಾನೊಬ್ಬಳೇ ತಿರುಗಿಸಬೇಕು, ರಟ್ಟು ನಾನೊಬ್ಬಳೇ ಕೊಯ್ಯಬೇಕು, ಅಂಟು ಹೆಚ್ಚಾಯಿತೆಂದು ಬೈಯುವವರೂ ಇಲ್ಲ. ನಿನ್ನ ಸ್ಟೂಲಿನ ಮೇಲೆ ದಾರದ ಉಂಡೆ ಇಟ್ಟಿದ್ದೇನೆ, ಖಾಲಿ ಕಾಣಬಾರದಲ್ಲ.

ಪಕ್ಕದ ಕನ್ನಡಕದ ಅಂಗಡಿಯವನು ಮತ್ತೆ ಬಂದಿದ್ದ. ನಡುವಿನ ಗೋಡೆ ಒಡೆದು ಎರಡೂ ಅಂಗಡಿ ಒಂದು ಮಾಡಿಕೊಳ್ಳುವ ಆಸೆ ಅವನಿಗೆ. ಪ್ರೆಸ್ಸು ಅವನಿಗೆ ಬೇಡ, ಅದು ಗುಜರಿಗೆ ಹೋಗುತ್ತದೆ. ಮಾರ್ಚ್ ಕೊನೆಗೆ ಬೀಗದ ಕೈ ಕೊಡುವುದಾದರೆ ಈಗಲೇ ಹೇಳಿ ಎಂದು ಕೂತಿದ್ದಾನೆ. ಅಂಗಡಿ ನಮ್ಮಿಬ್ಬರದು, ನೀನು ಹೇಳದೆ ನಾನು ಹೂಂ ಅನ್ನುವುದಿಲ್ಲ. ಕೊಡಲಾ? ಒಂದೇ ಒಂದು ಮಾತು ಹೇಳು, ಸಾಕು.

ನಿನ್ನ ತಂಗಿ


ಜನವರಿ ೨೧

ಪ್ರೀತಿಯ ತಂಗಿಗೆ,

ನಿನ್ನ ಪತ್ರ ತಲುಪಿ ಮನಸ್ಸಿಗೆ ಅಪಾರ ಸಂತೋಷವಾಯಿತು. ನಿನ್ನಂತಹ ತಂಗಿಯನ್ನು ಪಡೆದ ನಾನು ನಿಜಕ್ಕೂ ಭಾಗ್ಯವಂತ. ನನ್ನ ಆರೋಗ್ಯ ದಿನೇ ದಿನೇ ಸುಧಾರಿಸುತ್ತಿದೆ. ಮಗಳು ಅಕ್ಕರೆಯಿಂದ ನೋಡಿಕೊಳ್ಳುತ್ತಿದ್ದಾಳೆ. ನನ್ನ ಬಗ್ಗೆ ನೀನು ಸ್ವಲ್ಪವೂ ಚಿಂತಿಸಬೇಡ.

ಅಂಗಡಿಯನ್ನು ಇಷ್ಟು ದಿನ ಒಬ್ಬಳೇ ನಡೆಸಿಕೊಂಡು ಬಂದಿದ್ದೀಯ. ನಿನ್ನ ಶ್ರಮವನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಕೊಡುವ ವಿಚಾರದಲ್ಲಿ ನನ್ನ ಅಭ್ಯಂತರವೇನೂ ಇಲ್ಲ. ಆಗಲಿ, ಕೊಟ್ಟುಬಿಡು. ನಿನ್ನ ನೆಮ್ಮದಿಯೇ ನನ್ನ ನೆಮ್ಮದಿ.

ಸದಾ ನಿನ್ನ ಹಿತ ಬಯಸುವ,
ಅಣ್ಣ


ಫೆಬ್ರವರಿ ೩

ಚೂಟಿ,

ನಿಮ್ಮಪ್ಪನ ಹೆಸರಿನಲ್ಲಿ ನನಗೊಂದು ಕಾಗದ ಬಂದಿದೆ. ಬರೆದವರು ಯಾರೋ ಬಹಳ ಒಳ್ಳೆಯ ಮನುಷ್ಯರು, ನಮ್ಮಣ್ಣ ಅಂತೂ ಅಲ್ಲ.

ಸುಳ್ಳು ಯಾಕೆ ಹೇಳಲಿ, ಮೊದಲ ಸಲ ಓದಿ ಹಿಗ್ಗಿಹೋದೆ. ಅಣ್ಣನ ಬಾಯಲ್ಲಿ ನಾನು ಯಾವತ್ತೂ ಪ್ರೀತಿಯ ತಂಗಿ ಆಗಿದ್ದವಳಲ್ಲ. ಎದುರಿಗೆ ಒಂದು ದಿನ ಭೇಷ್ ಎಂದವನಲ್ಲ. ನಾನು ಹೊಲಿದ ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿ, ತಪ್ಪು ಸಿಗದಿದ್ದರೆ "ಹೂಂ, ಇರಲಿ" ಎನ್ನುತ್ತಿದ್ದ. ಅದನ್ನೇ ನಾನು ಬಹುಮಾನ ಅಂದುಕೊಂಡು ಮನೆಗೆ ಹೋಗುತ್ತಿದ್ದೆ.

ಎರಡನೇ ಸಲ ಓದಿದಾಗ ಭಯವಾಯಿತು. ಅಂಗಡಿ ಕೊಡು ಎನ್ನುವಾಗ ಒಂದು ಬೈಗುಳವಾದರೂ ಇರಬೇಕಿತ್ತು. ಪ್ರೆಸ್ಸು ಗುಜರಿಗೆ ಹೋಗುತ್ತದೆ ಎಂದು ಬರೆದಿದ್ದೆ, ಅದರ ಸುದ್ದಿಯೇ ಇಲ್ಲ. ಆ ಪ್ರೆಸ್ಸಿಗೆ ಯಾರಾದರೂ ಒರಗಿ ನಿಂತರೆ ಸಿಡುಕುತ್ತಿದ್ದ ಮನುಷ್ಯ ಅವನು. ಇಷ್ಟು ಸಲೀಸಾಗಿ ಬಿಟ್ಟುಕೊಟ್ಟನೆಂದರೆ ಎಲ್ಲಕ್ಕೂ ಕೈಚೆಲ್ಲಿ ಕೂತಿದ್ದಾನೆ ಎಂದೇ ಅರ್ಥ. ಅವನೇ ಬೇಡವೆಂದು ಬಿಟ್ಟಮೇಲೆ ನಾನು ಯಾರಿಗೋಸ್ಕರ ಇಟ್ಟುಕೊಳ್ಳಲಿ? ಕನ್ನಡಕದವನಿಗೆ ನಿನ್ನೆ ಆಗಲಿ ಎಂದುಬಿಟ್ಟೆ. ಬಂದು ಟೇಪು ಹಿಡಿದು ಗೋಡೆ ಅಳೆದುಕೊಂಡು ಹೋದ.

ನಿಮ್ಮಪ್ಪ ಊಟ ಸರಿಯಾಗಿ ಮಾಡುತ್ತಾನಾ? ನಿಜ ಹೇಳು.

ಅತ್ತೆ


ಫೆಬ್ರವರಿ ೧೪

ಅತ್ತೆಗೆ ನಮಸ್ಕಾರ.

ಅಪ್ಪ ಚೆನ್ನಾಗಿದ್ದಾರೆ, ಊಟವೂ ಸರಿಯಾಗಿದೆ. ನೀವು ಸುಮ್ಮನೆ ಗಾಬರಿಯಾಗಿದ್ದೀರಿ. ಆ ಕಾಗದ ಅಪ್ಪನದೇ, ಕೆಳಗೆ ಎಡಗೈಯಲ್ಲಿ ಗೀಚಿದ ರುಜು ನೋಡಲಿಲ್ಲವೇ? ಅವರು ಹೇಳಿದ ತುಣುಕುಗಳನ್ನು ಯಂತ್ರ ಜೋಡಿಸಿಕೊಟ್ಟಿದೆ, ಅಷ್ಟೆ. ಸಂಜೆ ಕೆಲಸದಿಂದ ಬಂದು ಓದಿದಾಗ ನನ್ನ ಕಣ್ಣಲ್ಲೂ ನೀರು ಬಂತು. ಇಷ್ಟು ವರ್ಷ ಅಪ್ಪನ ಒಳಗೇ ಇದ್ದದ್ದು ಈಗ ಹೊರಗೆ ಬಂದಿದೆ ಎಂದುಕೊಂಡೆ. ಇಂಥ ಕಾಗದಗಳನ್ನು ನೋಡಿದರೆ ನಮ್ಮ ತಂಡದವರಿಗೂ ಖುಷಿ. ಮಾತು ಕಳೆದುಕೊಂಡವರ ಮನೆಯವರೆಲ್ಲ ಬರೆದು ಹೇಳುತ್ತಿದ್ದಾರೆ, ನಮ್ಮವರು ಈಗ ಎಷ್ಟು ಮೃದುವಾಗಿ ಮಾತಾಡುತ್ತಾರೆ ಎಂದು.

ಅಂಗಡಿಯ ವಿಷಯದಲ್ಲಿ ಬೇಜಾರು ಮಾಡಿಕೊಳ್ಳಬೇಡಿ. ನೀವೂ ದಣಿದಿದ್ದೀರಿ.

ಚೂಟಿ


ಫೆಬ್ರವರಿ ೨೨

ಚೂಟಿ,

ಎಲ್ಲರೂ ಮೃದುವಾದರೆ ಬೈಯುವವರು ಯಾರು? ನಿನ್ನ ಕಾಗದ ಓದಿದೆ, ನಂಬಿಕೆ ಬರಲಿಲ್ಲ. ಒಂದು ಉಪಕಾರ ಮಾಡು. ಆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬಾಗಿಲು ಹಾಕು. ನಿಮ್ಮಪ್ಪನ ಎದುರಿಗೆ ನೀನೇ ಕೂತು ಕೇಳು, ಅಂಗಡಿ ಕೊಡಲಾ ಅಂತ. ಎಷ್ಟು ಹೊತ್ತಾದರೂ ಕಾಯಿ. ಅವನ ಬಾಯಿಂದ ಏನು ಬರುತ್ತದೋ ಅದನ್ನು ಹಾಗೇ ಬರೆ. ಆಗಲಿ ಅಂದರೆ ಆಗಲಿ, ನಾನು ತೆಪ್ಪಗಿರುತ್ತೇನೆ.

ಅತ್ತೆ


ಮಾರ್ಚ್ ೨

ಅತ್ತೆಗೆ,

ಕನ್ನಡಕದವರಿಗೆ ಬೀಗದ ಕೈ ಕೊಡಬೇಡಿ. ಇದನ್ನು ಮೊದಲು ಹೇಳಿ ಉಳಿದದ್ದನ್ನು ಬರೆಯುತ್ತೇನೆ.

ಭಾನುವಾರ ಬೆಳಿಗ್ಗೆ ನೀವು ಹೇಳಿದಂತೆಯೇ ಮಾಡಿದೆ. ಯಂತ್ರವನ್ನು ಬೀರುವಿನಲ್ಲಿಟ್ಟೆ. ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. "ಅಪ್ಪಾ, ಅತ್ತೆ ಅಂಗಡಿ ಕೊಟ್ಬಿಡ್ಲಾ?" ಎಂದೆ. ಕಾಯಬೇಕಾಗಿಯೇ ಬರಲಿಲ್ಲ.

"ಬೇಡ."

ಎಡಗೈಯಿಂದ ಮೇಜು ಕುಟ್ಟಿದರು. "ಬೇಡ. ಬೇಡ."

"ಆ ಯಂತ್ರಕ್ಕೂ ಹೀಗೇ ಹೇಳಿದ್ರಾ?"

ಹೂಂ ಎಂದು ತಲೆ ಆಡಿಸಿದರು. ಆಮೇಲೆ ನಾನು ನಿಮಗೆ ಹೋದ ಕಾಗದದ ನಕಲನ್ನು ಓದಿದೆ. ಓದುತ್ತಾ ಹೋದಂತೆ ಅಪ್ಪನ ಮುಖ ಕೆಂಪಾಯಿತು. ಅವರಿಗೆ ಈಗ ಅಕ್ಷರಗಳೂ ಕಲಸಿಕೊಳ್ಳುತ್ತವೆ. ಅಷ್ಟುದ್ದದ ಕಾಗದವನ್ನು ಎರಡು ಸಾಲು ಓದಿ ದಣಿದು, ಮಗಳು ಮಾಡಿದ ಯಂತ್ರ ಸರಿಯಾಗಿಯೇ ಬರೆದಿರುತ್ತದೆ ಎಂದು ರುಜು ಹಾಕಿದ್ದರು. ಆ ನಂಬಿಕೆ ನೆನೆಸಿಕೊಂಡರೆ ನನಗೆ ಅನ್ನ ಇಳಿಯುವುದಿಲ್ಲ.

ಆದರೆ ಯಂತ್ರ ಬೇಡವನ್ನು ಆಗಲಿ ಎಂದು ಯಾಕೆ ಮಾಡಿತು? ಅದು ಕೆಟ್ಟಿರಲಿಲ್ಲ. ಏನೂ ಹೊಳೆಯದೆ ಟೀ ಮಾಡಿ ತಂದೆ. "ಟೀ ಕುಡೀತೀರಾ?" ಎಂದೆ. "ಬೇಡ" ಎಂದರು. ಅನ್ನುವಷ್ಟರಲ್ಲೇ ಅವರ ಕೈ ಲೋಟದ ಕಡೆ ಬಂದಿತ್ತು.

ಅತ್ತೆ, ನಾನು ಟೀ ಪಾತ್ರೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಅಪ್ಪ ಮೊದಲಿನಿಂದಲೂ ಹೀಗೇ ಅಲ್ಲವೇ? ಟೀ ಬೇಡ ಎಂದು ಕುಡಿಯುತ್ತಾರೆ. ಶಾಲು ಬೇಡ ಎಂದು ಹೊದೆಯುತ್ತಾರೆ. ವಾಕಿಂಗ್ ಬೇಡ ಎಂದು ಚಪ್ಪಲಿ ಹುಡುಕುತ್ತಾರೆ. ನಮಗೆ ಅದು ಎಷ್ಟು ರೂಢಿಯಾಗಿದೆಯೆಂದರೆ ಕಿವಿಗೇ ಬೀಳುವುದಿಲ್ಲ. ಯಂತ್ರಕ್ಕೆ ಬಿತ್ತು. ಮೇಜಿನ ಮೇಲೆ ಕೂತು ದಿನಾ ನೋಡಿ, ಈ ಮನುಷ್ಯನ ಬೇಡಕ್ಕೆ ಬೇಕು ಎಂದೇ ಅರ್ಥ ಎಂದು ಕಲಿತುಕೊಂಡಿತು. ಟೀ ಲೋಟದ ಬೇಡಕ್ಕೂ ಅಂಗಡಿಯ ಬೇಡಕ್ಕೂ ಇರುವ ವ್ಯತ್ಯಾಸ ಅದಕ್ಕೆ ಗೊತ್ತಾಗಲಿಲ್ಲ. ಗೊತ್ತಿಲ್ಲ ಎಂದು ಕೇಳಬೇಕೆಂಬುದನ್ನು ನಾವು ಕಲಿಸಿರಲಿಲ್ಲ.

ಸಿಹಿ ಮಾತು ಎಲ್ಲಿಂದ ಬಂತೆಂಬುದೂ ತಿಳಿಯಿತು. ಅದು ನನ್ನಿಂದ. ಕಾಗದದಲ್ಲಿ ಮೆದು ಮಾತು ಕಂಡಾಗಲೆಲ್ಲ ನಾನು ಮೆಚ್ಚುಗೆಯ ಗುಂಡಿ ಒತ್ತುತ್ತಿದ್ದೆ. ಯಂತ್ರ ಅಪ್ಪನನ್ನು ಬಿಟ್ಟು ನನ್ನನ್ನು ಖುಷಿಪಡಿಸಲು ಕಲಿತಿತ್ತು.

ಮರುದಿನ ಕಚೇರಿಯಲ್ಲಿ ಎಲ್ಲವನ್ನೂ ಹೇಳಿದೆ. ಯಂತ್ರ ಸೇರಿಸಿದ ಮಾತು ಯಾವುದು, ಮನುಷ್ಯ ಹೇಳಿದ್ದು ಯಾವುದು ಎಂದು ಕಾಗದದಲ್ಲೇ ಗುರುತು ಬರಲಿ ಎಂದೆ. ನಮ್ಮ ಮುಖ್ಯಸ್ಥೆ, "ಮಾತು ಕಳ್ಕೊಂಡೋರ ತೇಪೆಗಳನ್ನೆಲ್ಲ ಊರಿಗೆ ತೋರಿಸ್ತೀಯಾ? ಅವರಿಗೂ ಒಂದು ಮಾನ ಅನ್ನೋದು ಇರೋದಿಲ್ವಾ?" ಎಂದರು. ಅದೂ ನಿಜವೇ. ಮನೆಗೆ ಬಂದು ಅಪ್ಪನನ್ನೇ ಕೇಳಿದೆ.

ಅಪ್ಪ ಎದ್ದು ಗೋಡೆ ಹಿಡಿದುಕೊಂಡು ನನ್ನ ಪುಸ್ತಕದ ಕಪಾಟಿನ ತನಕ ಹೋದರು. ನಾನು ಚಿಕ್ಕವಳಿದ್ದಾಗ ಹರಿದುಕೊಂಡು, ಅವರು ಅಂಗಡಿಯಲ್ಲಿ ರಿಪೇರಿ ಮಾಡಿಕೊಟ್ಟ ನಿಘಂಟನ್ನು ಎಳೆದರು. ಹರಿದ ಹಾಳೆ ಬಿಡಿಸಿ ನನ್ನ ಬೆರಳು ಹಿಡಿದು ತೇಪೆಯ ಮೇಲೆ ಇಟ್ಟರು. ನಿಮಗೆ ನೆನಪಿರುತ್ತದೆ, ಅಪ್ಪ ತೇಪೆಗೆ ಯಾವಾಗಲೂ ಒಂದು ಛಾಯೆ ಬೇರೆಯಾದ ಕಾಗದವನ್ನೇ ಹಾಕುತ್ತಿದ್ದರು. ಕಟಿಂಗ್ ಮೇಜಿನ ಕೆಳಗೆ ಕೂತು ಆಡುತ್ತಿದ್ದ ನಾನು, ಒಂದೇ ಬಣ್ಣದ್ದು ಹಾಕಿದರೆ ಗೊತ್ತೇ ಆಗೋದಿಲ್ವಲ್ಲಪ್ಪ ಎಂದರೆ, "ಅದಕ್ಕೇ ಹಾಕೋಲ್ಲ. ತೇಪೆ ತೇಪೆ ಥರಾನೇ ಕಾಣ್ಬೇಕು, ಓದೋರಿಗೆ ಮೋಸ ಆಗ್ಬಾರ್ದು" ಎನ್ನುತ್ತಿದ್ದರು. ಅಕ್ಷರ ಹೋಗಿದ್ದ ಕಡೆ ಖಾಲಿ ಬಿಡುತ್ತಿದ್ದರೇ ಹೊರತು ತಾವಾಗಿ ಬರೆದು ತುಂಬುತ್ತಿರಲಿಲ್ಲ.

ಇದನ್ನೆಲ್ಲ ನೋಡುತ್ತಾ ಬೆಳೆದವಳು ನಾನು. ನಿಮ್ಮಿಬ್ಬರ ಅಂಗಡಿ ನನಗೆ ಏನು ಕೊಟ್ಟಿದೆಯೆಂದು ಅವತ್ತು ತಿಳಿಯಿತು. ನೀವು ಆ ಕಾಗದವನ್ನು ನಂಬದೆ ಜಗಳಕ್ಕೆ ನಿಂತಿರಲ್ಲ, ಅದಕ್ಕೆ ಹೇಗೆ ಕೃತಜ್ಞತೆ ಹೇಳಲಿ?

ಯಂತ್ರವನ್ನು ಬಿಚ್ಚಿ ತಿದ್ದುತ್ತಿದ್ದೇನೆ. ಅಪ್ಪ ಪಕ್ಕದಲ್ಲೇ ಕೂತು ಬೇಡ ಬೇಡ ಎನ್ನುತ್ತಿದ್ದಾರೆ.

ಚೂಟಿ


ಮಾರ್ಚ್ ೯

ಚೂಟಿ,

ನಿನ್ನ ಕಾಗದ ಓದಿ ಅಂಗಡಿಯಲ್ಲಿ ಒಬ್ಬಳೇ ಗಟ್ಟಿಯಾಗಿ ನಕ್ಕೆ, ಆಮೇಲೆ ಒಬ್ಬಳೇ ಅತ್ತೆ. ಅಣ್ಣ ಕೈಚೆಲ್ಲಿಲ್ಲ! ಮೇಜು ಕುಟ್ಟಿದನೆಂದು ಬರೆದಿದ್ದೀಯಲ್ಲ, ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ನಿನ್ನನ್ನು ನೀನು ಬೈದುಕೊಳ್ಳಬೇಡ. ಯಂತ್ರ ಮಾಡಿದವರು ತಪ್ಪಾಯಿತೆಂದು ಅದನ್ನು ಬಿಚ್ಚಿ ನೋಡುವುದು ದೊಡ್ಡ ಮಾತು. ಆ ಟೀ ಲೋಟದ ಬೇಡಕ್ಕೆ ಇಡೀ ಅಂಗಡಿಯೇ ಹೋಗುತ್ತಿತ್ತು ನೋಡು.

ಕನ್ನಡಕದವನ ಹತ್ತಿರ ಹೋಗಿ ಆಡಿದ ಮಾತು ಹಿಂದಕ್ಕೆ ತೆಗೆದುಕೊಂಡೆ. ಮುಖ ಗಂಟು ಹಾಕಿಕೊಂಡ. ಎಲ್ಲ ಹೇಳಿದ ಮೇಲೆ, "ನಮ್ಮನೆಯವಳೂ ಹಾಗೇನೇ, ಏನೂ ಬೇಡ ಅಂತಾಳೆ, ತರದೇ ಹೋದ್ರೆ ತಿಂಗಳುಗಟ್ಟಲೆ ಮಾತು ಬಿಡ್ತಾಳೆ" ಎಂದು ತಾನೇ ನಕ್ಕ. ಟೇಪು ಅಂಗಡಿಯಲ್ಲೇ ಬಿಟ್ಟುಹೋಗಿದ್ದ, ವಾಪಸು ಕೊಟ್ಟುಬಂದೆ.

ಒಂದು ವಿಷಯ ಕೇಳಿಕೋ. ಅಣ್ಣ ನನ್ನನ್ನು ಕರೆಯುತ್ತಿದ್ದ ಹೆಸರು ನಿನಗೆ ಗೊತ್ತಲ್ಲ. ಚಿಕ್ಕಂದಿನಲ್ಲಿ ಸಣಕಲಿಯಾಗಿದ್ದೆ, ಮಾತು ಚುಚ್ಚುತ್ತಿತ್ತು ಎಂದು ಗುಂಡುಸೂಜಿ ಅಂದ. ರಟ್ಟು ಚುಚ್ಚುವ ದಬ್ಬಳದ ಹಾಗೆ ಉದ್ದಕ್ಕಿದ್ದೀಯ ಎಂದು ನಾನು ಅವನನ್ನು ದಬ್ಬಳ ಅಂದೆ. ಕೂದಲು ಹಣ್ಣಾದರೂ ಬಿಡಲಿಲ್ಲ. ಲಕ್ವ ಹೊಡೆದ ದಿನದಿಂದ ಆ ಹೆಸರು ಅವನ ಬಾಯಿಗೆ ಬಂದಿಲ್ಲ. ಆಸ್ಪತ್ರೆಯಲ್ಲಿ ನನ್ನ ಮುಖ ನೋಡುತ್ತಾ "ಅದು... ಇದು..." ಎಂದು ಹುಡುಕಿ ಹುಡುಕಿ ಕಣ್ಣು ಮುಚ್ಚಿಕೊಂಡ. ಅದಕ್ಕೇ ಕಾಗದಗಳಲ್ಲಿ ನಾನೂ ಆ ಹೆಸರು ಹಾಕುತ್ತಿಲ್ಲ, ಹಾಕಿ ಅವನನ್ನು ನೋಯಿಸುವುದು ಯಾಕೆ ಎಂದು.

ಯಂತ್ರಕ್ಕೆ ಎಲ್ಲವನ್ನೂ ಹೇಳಿಕೊಡು, ಇದೊಂದನ್ನು ಹೇಳಿಕೊಡಬೇಡ. ನೀನೂ ಅವನಿಗೆ ನೆನಪು ಮಾಡಬೇಡ. ಬಂದರೆ ಅವನಿಂದಲೇ ಬರಲಿ, ಬಾರದಿದ್ದರೆ ನಾನು ಹೆಸರಿಲ್ಲದೆ ಇರುತ್ತೇನೆ. ಡಬ್ಬಿಯ ಬಾಯಲ್ಲಿ ಅದನ್ನು ಕೇಳಲಾರೆ. ಈ ಒಂದು ಹಟ ನಡೆಸಿಕೊಡು.

ಅತ್ತೆ


ಮಾರ್ಚ್ ೨೪

[ತಂಗಿ],

[ಅಂಗಡಿ ಕೊಡುವುದು] ಬೇಡ. ಬೇಡ.

ನನಗೆ [ಬೇಕು ಎಂದು] ಅಲ್ಲ. ಕೈ [ಹೋಯಿತು]. ಗೊತ್ತು.

ನೀನು ಸುಮ್ಮನೆ ಕೂತರೆ [ತುಕ್ಕು ಹಿಡಿಯುತ್ತೀಯ].

ನಿನ್ನ [ಹೊಲಿಗೆ] ಚೆನ್ನಾಗಿದೆ. [ನನ್ನದಕ್ಕಿಂತ].

ಪ್ರೆಸ್ಸು. [ಎಣ್ಣೆ] ಹಾಕು.

ಅಣ್ಣ

ಅತ್ತೆ, ಆವರಣದೊಳಗೆ ಇರುವುದೆಲ್ಲ ಯಂತ್ರ ಸೇರಿಸಿದ್ದು, ಹೊರಗಿರುವುದು ಅಪ್ಪ ಹೇಳಿದ್ದು. ಸೇರಿಸುವ ಮೊದಲು ಪ್ರತಿಯೊಂದನ್ನೂ ಅದು ಗಟ್ಟಿಯಾಗಿ ಓದಿ ಕೇಳುತ್ತದೆ, ಅಪ್ಪ ಹೂಂ ಎಂದರೆ ಮಾತ್ರ ಹಾಕುತ್ತದೆ. ಈ ಗುರುತು ನಿಮಗೆ ಕಾಣಬೇಕೋ ಬೇಡವೋ ಎಂದೂ ಅಪ್ಪನನ್ನೇ ಕೇಳಿತು. ಕಾಣಲಿ ಎಂದು ನಿಘಂಟು ತೋರಿಸಿದರು. ಇಷ್ಟು ಬರೆಯಲು ಒಂದು ಇಡೀ ಮಧ್ಯಾಹ್ನ ಹಿಡಿಯಿತು. ನಿಮ್ಮ ಹಟ ನಡೆಸಿದ್ದೇನೆ. ಆ ಹೆಸರು ಯಂತ್ರಕ್ಕೆ ಗೊತ್ತಿಲ್ಲ. -ಚೂಟಿ


ಏಪ್ರಿಲ್ ೪

ಅಣ್ಣನಿಗೆ,

ನಿನ್ನ ಕಾಗದ ಬಂತು. ಹಿಂದಿನ ಕಾಗದದ ಕಾಲು ಭಾಗವೂ ಇಲ್ಲ, ಆದರೂ ಓದಿ ಹೊಟ್ಟೆ ತುಂಬಿತು. ಪ್ರೆಸ್ಸಿಗೆ ಎಣ್ಣೆ ಹಾಕಿದೆ. ಕೀಚ್ ಎನ್ನುವುದು ನಿಂತಿದೆ. ತುಕ್ಕು ಹಿಡಿಯುತ್ತೀಯ ಎಂದು ಡಬ್ಬಿ ಹೇಳಿದ್ದಕ್ಕೆ ನೀನು ಹೂಂ ಅಂದೆಯಂತೆ, ಇರಲಿ, ನೋಡಿಕೊಳ್ಳುತ್ತೇನೆ.

ನಿಜ ಹೇಳಬೇಕೆಂದರೆ ಅಂಗಡಿ ಕೊಡುತ್ತೇನೆಂದು ಬರೆದಾಗ, ಬೇಡ ಅನ್ನಲಿ ಎಂದೇ ಬರೆದಿದ್ದೆ. ನೀನು ಬೇಡ ಅಂದದ್ದಕ್ಕೆ ನಾನು ಉಳಿದುಕೊಂಡೆ. ಬೆಳಿಗ್ಗೆ ಬಾಗಿಲು ತೆಗೆದಾಗ ಅಂಟಿನ ವಾಸನೆ ಮೂಗಿಗೆ ಬಡಿದರೆ ಈಗ ಎಷ್ಟು ಹಿತ ಗೊತ್ತಾ? ಇದು ನಿನ್ನಿಂದ. ಒಂದು ಸಲವಾದರೂ ಬಾಯಿ ಬಿಟ್ಟು ಹೇಳಬೇಕಿತ್ತು, ಹೇಳಿದ್ದೇನೆ.

ಆದರೆ ಒಂದು ತಕರಾರಿದೆ. "ನನ್ನದಕ್ಕಿಂತ" ಎನ್ನುವುದು ಆವರಣದೊಳಗೆ ಇದೆ. ನನ್ನ ಹೊಲಿಗೆ ನಿನ್ನ ಹೊಲಿಗೆಗಿಂತ ಚೆನ್ನಾಗಿದೆ ಎಂದು ಹೇಳಿದ್ದು ನೀನೋ, ಡಬ್ಬಿಯೋ? ಅದು ಕೇಳಿತು, ನೀನು ದಣಿದು ಹೂಂ ಅಂದೆಯೋ? ಜನ್ಮವೆಲ್ಲ ಕಾದ ಮಾತನ್ನು ಡಬ್ಬಿಯ ಕೈಯಿಂದ ತೆಗೆದುಕೊಳ್ಳಲು ನಾನು ತಯಾರಿಲ್ಲ.

ನಿನ್ನ ತಂಗಿ


ಏಪ್ರಿಲ್ ೨೦

ನನ್ನದಕ್ಕಿಂತ.

ಅಣ್ಣ

ಅತ್ತೆ, ನಿಮ್ಮ ಕಾಗದ ಓದಿ ಹೇಳಿದ ದಿನದಿಂದ ಅಪ್ಪ ಈ ಒಂದು ಪದದ ಹಿಂದೆ ಬಿದ್ದಿದ್ದರು. ಸ್ನಾನದ ಮನೆಯಲ್ಲಿ, ಕಿಟಕಿಯ ಹತ್ತಿರ, ಟೀಚರ ಮುಂದೆ. "ನನ್ನ... ನನ್ನದ..." ಎಂದು ನಿಂತು ಮತ್ತೆ ಮೊದಲಿನಿಂದ. ಯಂತ್ರ ಸಹಾಯ ಮಾಡಲೇ ಎಂದು ಕೇಳಿದರೆ "ಬೇಡ" ಎಂದು ಅದರ ಮೇಲೆ ಟವೆಲ್ ಹಾಕಿದರು. ಆ ಬೇಡಕ್ಕೆ ಬೇರೆ ಅರ್ಥ ಇರಲಿಲ್ಲ, ಯಂತ್ರವೂ ಸುಮ್ಮನಾಯಿತು. -ಚೂಟಿ


ಏಪ್ರಿಲ್ ೨೯

ಅಣ್ಣನಿಗೆ,

ಬಂತು. ಪ್ರೆಸ್ಸಿನ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ವಕೀಲರ ಗುಮಾಸ್ತ ಓದಿ ಏನಮ್ಮ ಇದು ಎಂದು ಕೇಳಿದ. ಸರ್ಟಿಫಿಕೇಟು ಎಂದೆ.

ನಿನ್ನ ತಂಗಿ


ಮೇ ೧೮

ಅತ್ತೆಗೆ ನಮಸ್ಕಾರ.

ಒಂದು ಸಂತೋಷದ ಸುದ್ದಿ. ನಮ್ಮ ಮುಖ್ಯಸ್ಥೆ ಅಪ್ಪನನ್ನು ನೋಡಲು ಮನೆಗೆ ಬಂದಿದ್ದರು. ಬಿಸ್ಕತ್ತಿನ ತಟ್ಟೆ ಮುಂದಿಟ್ಟೆ. ಅಪ್ಪ ಬೇಡ ಎಂದು ಎರಡು ತೆಗೆದುಕೊಂಡರು. ಅವರು ಬಿದ್ದು ಬಿದ್ದು ನಕ್ಕರು. ಆಮೇಲೆ ತೀರ ಗಂಭೀರವಾಗಿ ಅಪ್ಪನನ್ನೇ ಕೇಳಿದರು, "ಗುರುತು ಹಾಕಿದ ಕಾಗದ ಕಳಿಸೋಕೆ ನಿಮಗೆ ನಾಚಿಕೆ ಆಗಲಿಲ್ವಾ?" ಅಪ್ಪ ಸ್ವಲ್ಪ ಹೊತ್ತು ಹುಡುಕಿದರು. ಯಂತ್ರ ಬಾಯಿ ಹಾಕಲಿಲ್ಲ, ನಾನೂ ಹಾಕಲಿಲ್ಲ. "ಹೊರಗಿಂದು... ನಂದು" ಎಂದರು. ಆವರಣದ ಹೊರಗಿರುವುದು ನನ್ನದು ಎಂದು. ಮುಖ್ಯಸ್ಥೆ ಎದ್ದು ಹೋಗಿ ಕಿಟಕಿಯಲ್ಲಿ ನಿಂತು ಬಂದರು.

ಈಗ ನಮ್ಮ ಎಲ್ಲ ಯಂತ್ರಗಳೂ ಹಾಗೇ ಆಗುತ್ತಿವೆ. ಯಂತ್ರ ಸೇರಿಸಿದ ಮಾತು ಯಾವುದೆಂದು ಕಾಗದ ಹೇಳಿದವರಿಗೆ ಯಾವಾಗಲೂ ಕಾಣುತ್ತದೆ, ಬೇರೆಯವರಿಗೆ ಕಾಣಬೇಕೋ ಎಂಬುದು ಅವರಿಗೇ ಬಿಟ್ಟದ್ದು. ನನ್ನ ಬಗ್ಗೆ ಏನು ಕಲಿತಿದ್ದೀಯ ಎಂದು ಯಾವಾಗ ಕೇಳಿದರೂ ಯಂತ್ರ ಬಾಯಿಬಿಟ್ಟು ಹೇಳಬೇಕು, ತಪ್ಪೆಂದರೆ ಮರೆಯಬೇಕು. ಮೆಚ್ಚುಗೆಯ ಗುಂಡಿ ಒತ್ತುವ ಹಕ್ಕು ಇನ್ನು ಮೇಲೆ ಹೇಳಿದವರದು, ಕೇಳಿದವರದಲ್ಲ. ಕಲಿಸಬಾರದ ಮಾತುಗಳಿಗೂ ಒಂದು ಜಾಗ ಮಾಡಿದ್ದೇವೆ. ಮನೆಯವರು ಇದನ್ನು ನೀನು ಊಹಿಸಬೇಡ ಎಂದರೆ ಯಂತ್ರ ಆ ಕಡೆ ತಲೆ ಹಾಕುವುದಿಲ್ಲ. ಅದು ನಿಮ್ಮ ಹಟದಿಂದ ಬಂದದ್ದು. ನಮ್ಮ ತಂಡದವರೆಲ್ಲ ಅತ್ತೆಗೆ ಥ್ಯಾಂಕ್ಸ್ ಹೇಳು ಎಂದಿದ್ದಾರೆ. ನಾನು ಬೇರೆಯಾಗಿ ಹೇಳುವುದಿದೆ, ಅದಕ್ಕೆ ನೀವು ಇಲ್ಲಿಗೆ ಬರಬೇಕು.

ಚೂಟಿ


ಜೂನ್ ೫

ಅಣ್ಣನಿಗೆ,

ಈ ಕಾಗದದ ಜೊತೆ ಒಂದು ಪೊಟ್ಟಣ ಇದೆ. ಖಾಲಿ ಹಾಳೆಯ ಪುಸ್ತಕ, ನಾನೇ ಹೊಲಿದು ಕಟ್ಟಿದ್ದು. ಎಡಗೈಯಲ್ಲಿ ಬರೆಯುವುದನ್ನು ಕಲಿಯುತ್ತಿದ್ದೀಯಂತಲ್ಲ, ಅದಕ್ಕೆ. ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳದ ಹಾಗೆ ಬೆನ್ನು ಸಡಿಲ ಬಿಟ್ಟಿದ್ದೇನೆ, ಒಂದು ಕೈಯಿದ್ದರೂ ಸಾಕು. ತಿರುಗಿಸಿ ನೋಡು, ತಪ್ಪು ಹುಡುಕು.

ನಿನ್ನ ಸ್ಟೂಲಿನ ಮೇಲಿಂದ ದಾರದ ಉಂಡೆ ತೆಗೆದಿದ್ದೇನೆ. ಕೆಲಸ ಕಲಿಯುತ್ತೇನೆಂದು ಕನ್ನಡಕದವನ ಹೆಂಡತಿ ಬಂದು ಕೂರುತ್ತಾಳೆ. ಚೆನ್ನಾಗಿ ಮಾಡುತ್ತಾಳೆ. ಎದುರಿಗೆ ಹೇಳಿಯೂಬಿಟ್ಟೆ, ನಿನ್ನ ಹಾಗೆ ಕಾಯಿಸಲಿಲ್ಲ.

ಲೈಬ್ರರಿಯ ಕೆಲಸ ಮುಗಿದಿದೆ, ಅಂಗಡಿಯನ್ನು ಅವಳು ನೋಡಿಕೊಳ್ಳುತ್ತಾಳೆ. ನಾನು ಬಂದು ಸ್ವಲ್ಪ ದಿನ ನಿನ್ನ ಜೊತೆ ಇರಲಾ? ಫೋನಿನಲ್ಲಿ ಓಡಿಹೋದವಳು ಎದುರಿಗೆ ಕೂತು ಕಾಯುತ್ತೇನೆ, ಎಷ್ಟು ಹೊತ್ತಾದರೂ. ಬರಲಾ?

ನಿನ್ನ ತಂಗಿ


ಜೂನ್ ೧೯

ಗುಂಡುಸೂಜಿ,

ಅಂಟು ತೆಳು. ಹೊಲಿಗೆ ಇರಲಿ.

ಬರಬೇಡ.

ದಬ್ಬಳ

ಅತ್ತೆ, ಇದು ನೀವು ಕಳಿಸಿದ ಪುಸ್ತಕದ ಮೊದಲ ಹಾಳೆ. ಅಪ್ಪ ಎಡಗೈಯಲ್ಲಿ ತಾವೇ ಬರೆದು, ನನ್ನಿಂದ ಕೊಯ್ಯಿಸಿದ್ದಾರೆ. ಪುಸ್ತಕವನ್ನು ಮೂಸಿ, ಬೆನ್ನು ಸವರಿ, ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸುತ್ತಾ ಕೂತಿದ್ದವರು ಇದ್ದಕ್ಕಿದ್ದಂತೆ ಆ ಹೆಸರು ಹೇಳಿದರು. ಯಾರೂ ಕೇಳಿರಲಿಲ್ಲ. ಒಮ್ಮೆ ಹೇಳಿದವರು ಮತ್ತೆ ಮತ್ತೆ ಹೇಳಿದರು, ನಿಲ್ಲಿಸಲೇ ಇಲ್ಲ. ಯಂತ್ರ ಮಾತ್ರ ಮೇಜಿನ ಮೇಲಿಂದ, "ನನಗೆ ಈ ಪದ ಗೊತ್ತಿಲ್ಲ, ಕಲಿಯಲೇ?" ಎಂದಿತು. ಅಪ್ಪ ಅದರ ಮೇಲೆ ಟವೆಲ್ ಹಾಕಿದರು.

ಕೊನೆಯ ಸಾಲಿಗೆ ನಾನು ಏನೂ ಹೇಳುವುದಿಲ್ಲ. ಅದನ್ನು ಓದುವುದು ನಿಮಗೆ ಬಿಟ್ಟದ್ದು. -ಚೂಟಿ


ಜೂನ್ ೨೩

ಚೂಟಿ,

ಶನಿವಾರದ ಮಧ್ಯಾಹ್ನದ ಗಾಡಿಗೆ ಬರುತ್ತಿದ್ದೇನೆ. ನಿಮ್ಮಪ್ಪ ಬರಬೇಡ ಎಂದು ಸ್ವಂತ ಕೈಯಿಂದ ಬರೆದು ಕರೆದಿದ್ದಾನೆ, ಇನ್ನು ತಡಮಾಡಿದರೆ ಕೋಪ ಮಾಡಿಕೊಳ್ಳುತ್ತಾನೆ. ನನಗೊಂದು ಹಾಸಿಗೆ ಹಾಸಿಡು. ಗಟ್ಟಿ ಅಂಟು ನಾನೇ ತರುತ್ತೇನೆ.

ಗುಂಡುಸೂಜಿ